ಭಾಗವಾಗದ ಸಂಖ್ಯೆಯ ಎದುರು

ಹನ್ನೆರಡನ್ನು ಇಬ್ಬರಿಗೆ, ಮೂವರಿಗೆ, ನಾಲ್ವರಿಗೆ, ಆರು ಜನಕ್ಕೆ ಸಮನಾಗಿ ಹಂಚಬಹುದು. ಹದಿಮೂರು ಹಾಗೆ ಬಗ್ಗುವುದಿಲ್ಲ. ಹೇಗೆ ಹಂಚಲು ಹೋದರೂ ಶೇಷ ಉಳಿಯುತ್ತದೆ. ಅವಿಭಾಜ್ಯ ಸಂಖ್ಯೆಗಳ ಬಗ್ಗೆ ಮನುಷ್ಯ ಕಲಿತದ್ದರಲ್ಲಿ ಬಹುಪಾಲು ಈ ಶೇಷವನ್ನು ಗಮನಿಸಿ ಕಲಿತದ್ದು.

*

‘ಇದಕ್ಕೆ ಭಾಜಕ ಇದೆ’ ಎನ್ನುವವನು ಒಂದನ್ನು ತೋರಿಸಿದರೆ ಮುಗಿಯಿತು. ‘ಇಲ್ಲ’ ಎನ್ನುವವನ ಪಾಡು ಬೇರೆ. ಅವನು ಎಲ್ಲ ಸಾಧ್ಯತೆಗಳನ್ನೂ ಒಂದೊಂದಾಗಿ ತಳ್ಳಿಹಾಕಬೇಕು, ಇಲ್ಲವೇ ಎಲ್ಲವನ್ನೂ ಒಟ್ಟಿಗೇ ತಳ್ಳಿಹಾಕುವ ತರ್ಕವೊಂದನ್ನು ಹುಡುಕಬೇಕು. ಸಣ್ಣ ಸಂಖ್ಯೆಗೆ ಮೊದಲ ದಾರಿಯೇ ಸಾಕು. ದೊಡ್ಡ ಸಂಖ್ಯೆ ನಮ್ಮನ್ನು ಎರಡನೆಯ ದಾರಿಗೆ ನೂಕುತ್ತದೆ. ದೊಡ್ಡ ಅವಿಭಾಜ್ಯಗಳಿಂದ ನಮಗಾದ ಲಾಭಗಳಲ್ಲಿ ಇದಕ್ಕಿಂತ ಮಿಗಿಲಾದದ್ದನ್ನು ನಾನು ಕಾಣೆ.

*

170141183460469231731687303715884105727.

39 ಅಂಕಿಗಳು. 2ರ 127ನೇ ಘಾತದಿಂದ 1 ಕಳೆದರೆ ಇದು ಬರುತ್ತದೆ. ಇದಕ್ಕೆ ಭಾಜಕವಿಲ್ಲ ಎಂಬುದನ್ನು ಒಂದೊಂದೇ ಸಂಖ್ಯೆಯಿಂದ ಭಾಗಿಸಿ ಕಾಣಲು ಹೊರಟು, ಸೆಕೆಂಡಿಗೆ ಒಂದು ಕೋಟಿ ಭಾಗಾಕಾರ ಮಾಡಿದರೂ 40 ಸಾವಿರ ವರ್ಷ ದಾಟುತ್ತದೆ. ಫ್ರಾನ್ಸಿನ ಎದ್ವಾರ್ ಲ್ಯೂಕಾಸ್ 1876ರಲ್ಲಿ ಯಂತ್ರದ ಸಹಾಯವಿಲ್ಲದೆ ಇದು ಅವಿಭಾಜ್ಯ ಎಂದು ತೋರಿಸಿದ. ಮುಂದಿನ 75 ವರ್ಷ, ಅಂದರೆ 1951ರವರೆಗೆ, ಇದಕ್ಕಿಂತ ದೊಡ್ಡ ಅವಿಭಾಜ್ಯ ಯಾರಿಗೂ ಸಿಗಲಿಲ್ಲ. ಬರೀ ಕೈಲೆಕ್ಕದಿಂದ ಸಿಕ್ಕ ಅವಿಭಾಜ್ಯಗಳಲ್ಲಿ ಇಂದಿಗೂ ಇದೇ ದೊಡ್ಡದು.

*

ಲ್ಯೂಕಾಸ್ ಮಾಡಿದ್ದೇನು? ಭಾಜಕವನ್ನು ಹುಡುಕುವುದನ್ನೇ ಬಿಟ್ಟ. ಆ ಉಪಾಯವನ್ನು 1930ರ ದಶಕದಲ್ಲಿ ಅಮೆರಿಕದ ಲೆಹ್ಮರ್ ಸರಳಗೊಳಿಸಿದ ಮೇಲೆ ಅದು ಹೈಸ್ಕೂಲಿನ ಮಗುವಿಗೂ ಎಟುಕುವಂತಾಯಿತು. 4ರಿಂದ ಹೊರಡಬೇಕು. ವರ್ಗ ಮಾಡಿ 2 ಕಳೆಯಬೇಕು. ನಾವು ಪರೀಕ್ಷಿಸುವ ಸಂಖ್ಯೆಯಿಂದ ಭಾಗಿಸಿ ಶೇಷವನ್ನಷ್ಟೇ ಇಟ್ಟುಕೊಳ್ಳಬೇಕು. ಆ ಶೇಷವನ್ನು ಮತ್ತೆ ವರ್ಗ ಮಾಡಬೇಕು.

31ನ್ನು ತೆಗೆದುಕೊಳ್ಳಿ, ಅದು 2ರ 5ನೇ ಘಾತಕ್ಕೆ ಒಂದು ಕಡಿಮೆ. 4ರ ವರ್ಗ 16, ಎರಡು ಕಳೆದರೆ 14. 14ರ ವರ್ಗ 196, ಎರಡು ಕಳೆದರೆ 194, ಅದನ್ನು 31ರಿಂದ ಭಾಗಿಸಿದರೆ ಶೇಷ 8. 8ರ ವರ್ಗ 64, ಎರಡು ಕಳೆದರೆ 62, ಶೇಷ ಸೊನ್ನೆ. ಘಾತಕ್ಕಿಂತ ಎರಡು ಕಡಿಮೆ, ಅಂದರೆ ಮೂರು ಹೆಜ್ಜೆಗೆ ಸೊನ್ನೆ ಬಂತು. ಹಾಗಾಗಿ 31 ಅವಿಭಾಜ್ಯ. ಮೇಲಿನ 39 ಅಂಕಿಗಳ ಸಂಖ್ಯೆಗೆ ಬೇಕಾದದ್ದು 125 ಹೆಜ್ಜೆ.

40 ಸಾವಿರ ವರ್ಷದ ದುಡಿಮೆ 125 ಹೆಜ್ಜೆಗೆ ಇಳಿಯುವುದನ್ನು ಕಂಡಾಗ ‘ಬುದ್ಧಿ’ ಎಂದು ನಾವು ಯಾವುದನ್ನು ಕರೆಯಬೇಕು ಎಂಬುದು ನನಗೆ ಸ್ಪಷ್ಟವಾಗುತ್ತದೆ.

*

ಇದೇ ಲೆಕ್ಕವನ್ನು 2047ಕ್ಕೆ, ಅಂದರೆ 2ರ 11ನೇ ಘಾತಕ್ಕೆ ಒಂದು ಕಡಿಮೆಯಾದದ್ದಕ್ಕೆ, ಮಾಡಿದರೆ ಒಂಬತ್ತು ಹೆಜ್ಜೆಯ ಕೊನೆಗೆ ಸೊನ್ನೆಯ ಬದಲು 1736 ಉಳಿಯುತ್ತದೆ. ಹಾಗಾದರೆ 2047 ಒಡೆಯುತ್ತದೆ. ಯಾವುದರಿಂದ ಒಡೆಯುತ್ತದೆ? ಅದನ್ನು ಈ ಪರೀಕ್ಷೆ ಹೇಳುವುದಿಲ್ಲ. 23ನ್ನೂ 89ನ್ನೂ ನಾವೇ ಬೇರೆ ದಾರಿಯಲ್ಲಿ ಹುಡುಕಿಕೊಳ್ಳಬೇಕು.

*

ಒಡೆಯುತ್ತದೆ ಎಂದು ತಿಳಿದೂ ಎಲ್ಲಿ ಒಡೆಯುತ್ತದೆಂದು ತಿಳಿಯದ ಸ್ಥಿತಿಯನ್ನು ಗಣಿತ ಬಹುಕಾಲ ಸಹಿಸಿಕೊಂಡಿದೆ. 2ರ 1277ನೇ ಘಾತದಿಂದ 1 ಕಳೆದ ಸಂಖ್ಯೆ 385 ಅಂಕಿಗಳದ್ದು. ಅದು ಅವಿಭಾಜ್ಯವಲ್ಲ ಎಂಬುದು ಸಾಬೀತಾಗಿದೆ. ಅದರ ಒಂದೇ ಒಂದು ಭಾಜಕವನ್ನೂ ಈವರೆಗೆ ಯಾರೂ ಕಂಡಿಲ್ಲ.

*

1903ರ ಅಕ್ಟೋಬರಿನಲ್ಲಿ ಅಮೆರಿಕದ ಗಣಿತ ಸಂಘದ ಸಭೆಯಲ್ಲಿ ಫ್ರಾಂಕ್ ನೆಲ್ಸನ್ ಕೋಲ್ ಕಪ್ಪು ಹಲಗೆಯ ಬಳಿ ಹೋಗಿ 2ರ 67ನೇ ಘಾತದಿಂದ 1 ಕಳೆದು 147573952589676412927 ಎಂದು ಬರೆದ. ಹಲಗೆಯ ಇನ್ನೊಂದೆಡೆ 193707721ನ್ನು 761838257287ರಿಂದ ಗುಣಿಸಿದ. ಎರಡೂ ಒಂದೇ ಆದವು. ಒಂದು ಮಾತೂ ಆಡದೆ ಹೋಗಿ ಕುಳಿತ. ಸಭೆ ಎದ್ದು ಚಪ್ಪಾಳೆ ತಟ್ಟಿತು ಎಂದು ಹೇಳುತ್ತಾರೆ. ಆ ಸಂಖ್ಯೆ ಒಡೆಯುತ್ತದೆಂದು 27 ವರ್ಷ ಮೊದಲೇ ಲ್ಯೂಕಾಸ್ ತೋರಿಸಿದ್ದ. ಆದರೂ ಚಪ್ಪಾಳೆ ನ್ಯಾಯವಾದದ್ದೇ. ತರ್ಕದಿಂದ ಒಪ್ಪಿದ್ದನ್ನು ಕಣ್ಣಾರೆ ಕಂಡಾಗ ಆಗುವ ಸಂತೋಷ ಬೇರೆ ಜಾತಿಯದು.

*

ಕೋಲ್ ಕಂಡ ಆ ಮೊದಲ ಭಾಜಕದಿಂದ 1 ಕಳೆದು 134ರಿಂದ ಭಾಗಿಸಿ ನೋಡಿ. ಶೇಷವಿಲ್ಲದೆ 1445580 ಬರುತ್ತದೆ. 134 ಎಂದರೆ 67ರ ಎರಡರಷ್ಟು. 2ರ ಘಾತಕ್ಕೆ ಒಂದು ಕಡಿಮೆಯಾದ ಈ ವಂಶದಲ್ಲಿ, ಘಾತ ಬೆಸ ಅವಿಭಾಜ್ಯವಾಗಿದ್ದರೆ, ಯಾವ ಸಂಖ್ಯೆಯ ಭಾಜಕವಾದರೂ ಘಾತದ ಎರಡರಷ್ಟರ ಯಾವುದೋ ಗುಣಕಕ್ಕಿಂತ ಒಂದು ಹೆಚ್ಚಾಗಿಯೇ ಇರಬೇಕು. ಶತ್ರು ಯಾವ ಬಾಗಿಲಿನಿಂದ ಬರಬಹುದು ಎಂಬುದು ಮೊದಲೇ ಗೊತ್ತಿದ್ದರೆ ಉಳಿದ ಬಾಗಿಲುಗಳನ್ನು ಕಾಯಬೇಕಾಗಿಲ್ಲ.

*

ಗಣಿತಜ್ಞ ಆಯ್ಲರ್ 1772ರಲ್ಲಿ ಈ ನಿಯಮವನ್ನೇ ಹಿಡಿದು 2147483647 ಅವಿಭಾಜ್ಯ ಎಂದು ತೋರಿಸಿದ. ಅದು 2ರ 31ನೇ ಘಾತಕ್ಕೆ ಒಂದು ಕಡಿಮೆ. ಅದಕ್ಕೆ ಭಾಜಕವಿದ್ದರೆ 248ರಿಂದ ಭಾಗಿಸಿದಾಗ ಅದರ ಶೇಷ 1 ಇಲ್ಲವೇ 63 ಆಗಿರಲೇಬೇಕು. ಅಂಥವುಗಳನ್ನು ಮಾತ್ರ 46340ರವರೆಗೆ ಪರೀಕ್ಷಿಸಿದರೆ ಕೆಲಸ ಮುಗಿಯಿತು. ಆಗ ಆತನಿಗೆ 65 ವರ್ಷ. ಕಣ್ಣು ಬಹುಮಟ್ಟಿಗೆ ಹೋಗಿತ್ತು.

*

ಇಂಗ್ಲೆಂಡಿನ ಪೀಟರ್ ಬಾರ್ಲೋ 1811ರಲ್ಲಿ ಬರೆದ ಪುಸ್ತಕದಲ್ಲಿ, ಆಯ್ಲರನ ಈ ಸಂಖ್ಯೆಯಿಂದ ಹುಟ್ಟುವ ಪರಿಪೂರ್ಣ ಸಂಖ್ಯೆಗಿಂತ (ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತಕ್ಕೆ ಸಮವಾದದ್ದು ಪರಿಪೂರ್ಣ) ದೊಡ್ಡದನ್ನು ಯಾರೂ ಎಂದೂ ಹುಡುಕಲಾರರು ಎಂದ. ಕಾರಣವನ್ನೂ ಕೊಟ್ಟ: ಇವು ಕುತೂಹಲದ ವಸ್ತುಗಳೇ ಹೊರತು ಉಪಯೋಗಕ್ಕೆ ಬರುವುದಿಲ್ಲ. ಉಪಯೋಗವಿಲ್ಲದ ಕಡೆ ಮನುಷ್ಯ ದುಡಿಯುವುದಿಲ್ಲ ಎಂಬ ಆ ನಂಬಿಕೆಯನ್ನು ಮುಂದಿನ ಎರಡು ಶತಮಾನ ಸುಳ್ಳು ಮಾಡಿತು. ನನಗೆ ಇದು ಮನುಷ್ಯಜಾತಿಯ ಬಗ್ಗೆ ತುಂಬ ಒಳ್ಳೆಯ ಸುದ್ದಿ.

*

ಅದೇ 2147483647 ಇಂದು ನಮ್ಮ ಯಂತ್ರಗಳೊಳಗೆ ಗಡಿಕಲ್ಲಾಗಿದೆ. 32 ಬಿಟ್‌ಗಳಲ್ಲಿ ಧನ–ಋಣ ಎರಡನ್ನೂ ಬರೆಯುವ ಕಂಪ್ಯೂಟರ್ ಲೆಕ್ಕಕ್ಕೆ ಅದೇ ತುದಿ. 2014ರ ಡಿಸೆಂಬರಿನಲ್ಲಿ ಯೂಟ್ಯೂಬಿನ ‘ಗಂಗ್ನಮ್ ಸ್ಟೈಲ್’ ಹಾಡಿನ ವೀಕ್ಷಣೆಗಳ ಎಣಿಕೆ ಅದನ್ನು ದಾಟಿತು. 1970ರ ಮೊದಲ ಕ್ಷಣದಿಂದ ಸೆಕೆಂಡುಗಳನ್ನು ಎಣಿಸುತ್ತ ಬಂದಿರುವ ಹಳೆಯ ಕಂಪ್ಯೂಟರ್ ಗಡಿಯಾರಗಳು ಭಾರತೀಯ ಕಾಲಮಾನ 2038ರ ಜನವರಿ 19ರ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಆ ತುದಿ ಮುಟ್ಟುತ್ತವೆ. ಕುರುಡ ಮುದುಕನೊಬ್ಬ ಪರೀಕ್ಷಿಸಿ ಬಿಟ್ಟ ಸಂಖ್ಯೆ ಇನ್ನೂ ದುಡಿಯುತ್ತಿದೆ.

*

ದ್ವಿಮಾನ ಪದ್ಧತಿಯಲ್ಲಿ 7 ಎಂದರೆ 111. 31 ಎಂದರೆ 11111. ಲ್ಯೂಕಾಸನ ಸಂಖ್ಯೆ ಎಂದರೆ ಸಾಲಾಗಿ 127 ಒಂದುಗಳು, ಮತ್ತೇನೂ ಇಲ್ಲ. ಆರು ಒಂದುಗಳಿದ್ದರೆ 111 111 ಎಂದು ಎರಡು ಸಮ ಗುಂಪಾಗಿ ಬಿಡುತ್ತವೆ. 63 ಎಂದರೆ 7ರ 9ರಷ್ಟು. ಒಂದುಗಳ ಎಣಿಕೆ ಒಡೆದರೆ ಸಂಖ್ಯೆಯೂ ಒಡೆಯುತ್ತದೆ. ಎಣಿಕೆ ಒಡೆಯದಿದ್ದರೆ? ಆಗ ಭರವಸೆಯಿಲ್ಲ, ಹನ್ನೊಂದು ಒಂದುಗಳ 2047 ಒಡೆಯಿತು, ಹದಿಮೂರು ಒಂದುಗಳ 8191 ಒಡೆಯಲಿಲ್ಲ.

*

ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ ತನ್ನ ‘ಗಣಿತಸಾರಸಂಗ್ರಹ’ದಲ್ಲಿ, ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ ಗುಣಲಬ್ಧಗಳನ್ನು ಕೊಟ್ಟು ಅವನ್ನು ಕಂಠಾಭರಣ ಎಂದ. 12345679ನ್ನು 9ರಿಂದ ಗುಣಿಸಿ ಬರುವ 111111111 ಅಂಥ ಸರ. ಅದರ ಒಂಬತ್ತು ಮಣಿಗಳನ್ನು ಮೂರು ಮೂರಾಗಿ ಕಟ್ಟಬಹುದು. ಆದ್ದರಿಂದ ಅದು 111ರಿಂದ ಭಾಗವಾಗುತ್ತದೆ. ಮಣಿಗಳ ಎಣಿಕೆ ಅವಿಭಾಜ್ಯವಾಗಿದ್ದರೆ ಸರವನ್ನು ಹೀಗೆ ಕಟ್ಟಲು ಬರುವುದಿಲ್ಲ. ಹತ್ತರ ಲೆಕ್ಕದಲ್ಲಿ ಒಂಬತ್ತನೆಯ ಶತಮಾನ ಕಂಡ ಚೆಲುವು, ಎರಡರ ಲೆಕ್ಕದಲ್ಲಿ ನಮ್ಮ ಕಾಲ ಹುಡುಕುತ್ತಿರುವ ಚೆಲುವು, ಎರಡಕ್ಕೂ ನಿಯಮ ಒಂದೇ.

*

ಲ್ಯೂಕಾಸನೇ 1883ರಲ್ಲಿ ‘ಹನೋಯ್ ಗೋಪುರ’ ಎಂಬ ಆಟವನ್ನು ಹೊರತಂದ. ಕಾಶಿಯ ದೇಗುಲವೊಂದರಲ್ಲಿ 64 ಚಿನ್ನದ ತಟ್ಟೆಗಳನ್ನು ಒಂದು ಕಂಬದಿಂದ ಇನ್ನೊಂದಕ್ಕೆ ಸಾಗಿಸುತ್ತಿದ್ದಾರೆ, ಅದು ಮುಗಿದ ದಿನ ಜಗತ್ತು ಮುಗಿಯುತ್ತದೆ ಎಂಬ ಕಥೆ ಆ ಆಟದ ಜೊತೆಯೇ ಹರಡಿತು. ಬೇಕಾದ ಸಾಗಾಟಗಳು 2ರ 64ನೇ ಘಾತಕ್ಕೆ ಒಂದು ಕಡಿಮೆ. ಚದುರಂಗದ ಮನೆಗಳಲ್ಲಿ ಕಾಳು ದುಪ್ಪಟ್ಟಾಗುತ್ತ ಹೋಗುವ ಕಥೆಯ ಮೊತ್ತವೂ ಇದೇ. ಕಥೆಗಳಿಗೆ ಅಷ್ಟು ಅಚ್ಚುಮೆಚ್ಚಾದ ಆ ಸಂಖ್ಯೆ ಅವಿಭಾಜ್ಯವಲ್ಲ. 64 ಒಡೆಯುವುದರಿಂದ ಅದು 3, 5, 17, 257, 641, 65537, 6700417 ಎಂದು ಏಳು ಚೂರಾಗುತ್ತದೆ.

ಆ ಚೂರುಗಳಲ್ಲಿ 641 ಮತ್ತು 6700417 ಇವೆರಡರ ಗುಣಲಬ್ಧವನ್ನು ಗಣಿತಜ್ಞ ಫರ್ಮಾ ಅವಿಭಾಜ್ಯ ಎಂದು ನಂಬಿದ್ದ. 1732ರಲ್ಲಿ ಆಯ್ಲರ್ ಅದನ್ನು ಒಡೆದು ತೋರಿಸಿದ. ಫರ್ಮಾ ಪರೀಕ್ಷಿಸಿದ್ದ ಅದೇ ಸಾಲಿನ ಹಿಂದಿನ ಐದೂ ಸಂಖ್ಯೆಗಳು, ಅಂದರೆ ಉಳಿದ ಐದು ಚೂರುಗಳು, ನಿಜಕ್ಕೂ ಅವಿಭಾಜ್ಯಗಳೇ. ಐದು ಸಲ ನಿಜವಾದದ್ದು ಆರನೆಯ ಸಲವೂ ನಿಜವಾಗಬೇಕಿಲ್ಲ.

*

ಪ್ಯಾರಿಸಿನ ಸನ್ಯಾಸಿ ಮರಾನ್ ಮೆರ್ಸೆನ್ 1644ರಲ್ಲಿ ಒಂದು ಪಟ್ಟಿ ಕೊಟ್ಟ: ಘಾತ 2, 3, 5, 7, 13, 17, 19, 31, 67, 127, 257 ಆದಾಗ ಈ ಬಗೆಯ ಸಂಖ್ಯೆ ಅವಿಭಾಜ್ಯ, 257ರೊಳಗೆ ಬೇರೆ ಇಲ್ಲ. 67 ಮತ್ತು 257 ತಪ್ಪಾಗಿ ಸೇರಿದ್ದವು. 61, 89, 107 ಬಿಟ್ಟುಹೋಗಿದ್ದವು. ಬಿಟ್ಟುಹೋದ 61ನ್ನು 1883ರಲ್ಲಿ ಕಂಡವನು ರಷ್ಯಾದ ಹಳ್ಳಿಗಾಡಿನ ಪಾದ್ರಿ ಪೆರ್ವುಶಿನ್. ಪಟ್ಟಿಯನ್ನು ಪೂರ್ತಿ ತಿದ್ದಲು ಮುನ್ನೂರು ವರ್ಷ ಹಿಡಿಯಿತು. ಇಂದು ಇಡೀ ವಂಶಕ್ಕೆ ಮೆರ್ಸೆನ್ ಹೆಸರೇ ಇದೆ, ಮತ್ತು ಇರುವುದು ಸರಿಯೇ. ಅವನ ಪಟ್ಟಿ ಮುಂದಿನವರಿಗೆ ಕೆಲಸ ಕೊಟ್ಟಿತು. ಪರೀಕ್ಷಿಸಲು ಬರುವಷ್ಟು ಖಚಿತವಾಗಿ ಹೇಳಿದ ತಪ್ಪು, ಯಾರೂ ಪರೀಕ್ಷಿಸಲಾರದ ಹಾಗೆ ಹೇಳಿದ ಸರಿಗಿಂತ ಮೇಲು.

*

ಯೂಕ್ಲಿಡ್ ಎರಡು ಸಾವಿರದ ಮುನ್ನೂರು ವರ್ಷಗಳ ಹಿಂದೆಯೇ ಹೇಳಿದ್ದು: ಈ ಬಗೆಯ ಪ್ರತಿ ಅವಿಭಾಜ್ಯದಿಂದ ಒಂದು ಪರಿಪೂರ್ಣ ಸಂಖ್ಯೆ ಹುಟ್ಟುತ್ತದೆ. 7ನ್ನು 4ರಿಂದ ಗುಣಿಸಿದರೆ 28. ಅದರ ಭಾಜಕಗಳಾದ 1, 2, 4, 7, 14 ಕೂಡಿದರೆ ಮತ್ತೆ 28. ಸಮಸಂಖ್ಯೆಗಳಲ್ಲಿ ಪರಿಪೂರ್ಣವಾದವು ಇವಷ್ಟೇ ಎಂದು ಸಾಧಿಸಿದವನು ಆಯ್ಲರ್. ಬೆಸಸಂಖ್ಯೆಗಳಲ್ಲಿ ಒಂದಾದರೂ ಇದೆಯೇ? ಇಂದಿಗೂ ಉತ್ತರವಿಲ್ಲ.

*

2024ರ ಅಕ್ಟೋಬರ್ 12ರಂದು ಖಚಿತವಾದ ಅವಿಭಾಜ್ಯ, ಅಲ್ಲಿಯವರೆಗೆ ಕಂಡವುಗಳಲ್ಲೆಲ್ಲ ದೊಡ್ಡದು. 2ರ 13,62,79,841ನೇ ಘಾತಕ್ಕೆ ಒಂದು ಕಡಿಮೆ. ಬರೆದರೆ 4,10,24,320 ಅಂಕಿಗಳು. ಸೆಕೆಂಡಿಗೆ ಒಂದರಂತೆ ಅನ್ನ ನಿದ್ದೆ ಬಿಟ್ಟು ಓದಿದರೂ 474 ದಿನ ದಾಟುತ್ತದೆ. ಕಂಡವನು ಅಮೆರಿಕದ ಲ್ಯೂಕ್ ಡ್ಯುರಾಂಟ್. ಡಬ್ಲಿನ್ನಿನಲ್ಲಿದ್ದ ಯಂತ್ರವೊಂದು ‘ಬಹುಶಃ ಅವಿಭಾಜ್ಯ’ ಎಂದಿತು; ಮರುದಿನ ಟೆಕ್ಸಸ್ಸಿನ ಸ್ಯಾನ್ ಆಂಟೋನಿಯೋದಲ್ಲಿದ್ದ ಇನ್ನೊಂದು ಯಂತ್ರ ಲ್ಯೂಕಾಸ್–ಲೆಹ್ಮರ್ ಪರೀಕ್ಷೆ ನಡೆಸಿ ‘ಹೌದು’ ಎಂದಿತು. ‘ಬಹುಶಃ’ ಮತ್ತು ‘ಹೌದು’ಗಳ ನಡುವಿನ ಆ ಒಂದು ದಿನವನ್ನು ಬಿಡದೆ ಲೆಕ್ಕಕ್ಕಿಡುವ ಶಿಸ್ತು ಗಣಿತದ್ದು.

*

ಆ ನಾಲ್ಕು ಕೋಟಿ ಅಂಕಿಗಳ ಸಂಖ್ಯೆಯ ಕೊನೆಯ ಅಂಕಿಯನ್ನು ನೀವು ಈಗಲೇ ಹೇಳಬಹುದು. 2ರ ಘಾತಗಳ ಕೊನೆಯ ಅಂಕಿ 2, 4, 8, 6 ಎಂದು ಸುತ್ತುತ್ತದೆ. 13,62,79,841ನ್ನು 4ರಿಂದ ಭಾಗಿಸಿದರೆ ಶೇಷ 1. ಹಾಗಾಗಿ ಘಾತದ ಕೊನೆಯ ಅಂಕಿ 2. ಒಂದು ಕಳೆದರೆ 1. ನೋಡಲಾಗದಷ್ಟು ದೊಡ್ಡದರ ಬಗ್ಗೆಯೂ ಸಂಶಯವಿಲ್ಲದೆ ಒಂದು ಮಾತು ಹೇಳಬಹುದು. ದೊಡ್ಡ ಸಂಖ್ಯೆಯ ಮುಂದೆ ಹೆದರಿಕೊಳ್ಳುವ ಮಕ್ಕಳಿಗೆ ಮೊದಲು ತೋರಿಸಬೇಕಾದದ್ದು ಇದನ್ನೇ.

*

ಆದರೂ ಎರಡರಲ್ಲಿ ಒಂದನ್ನು ಆರಿಸು ಎಂದರೆ ನಾನು ಲ್ಯೂಕಾಸನ 39 ಅಂಕಿಗಳನ್ನೇ ಆರಿಸುತ್ತೇನೆ. ನಾಲ್ಕು ಕೋಟಿ ಅಂಕಿಗಳ ಹಿಂದೆ ಇರುವ ತರ್ಕವೂ ಅವನದೇ. ಬೆಳೆದದ್ದು ಯಂತ್ರದ ಬಲ.

*

ಅಮೆರಿಕದ ಕರ್ಟಿಸ್ ಕೂಪರ್ ಅವರ ವಿಶ್ವವಿದ್ಯಾಲಯದ ಕಂಪ್ಯೂಟರೊಂದು 2015ರ ಸೆಪ್ಟೆಂಬರ್ 17ರಂದು ಅಂದಿನ ಅತಿ ದೊಡ್ಡ ಅವಿಭಾಜ್ಯವನ್ನು ಕಂಡು ವರದಿ ಕಳಿಸಿತ್ತು. ಯಾರೂ ಗಮನಿಸಲಿಲ್ಲ. 2016ರ ಜನವರಿ 7ರಂದು ಮನುಷ್ಯನ ಕಣ್ಣು ಅದರ ಮೇಲೆ ಬಿತ್ತು. ಶೋಧದ ದಿನವೆಂದು ದಾಖಲಾದದ್ದು ಜನವರಿ 7. ಅರಿವು ಯಂತ್ರದಲ್ಲಿಲ್ಲ, ಓದುವವನಲ್ಲಿದೆ ಎಂಬ ಈ ತೀರ್ಮಾನ ನನಗೆ ಪೂರ್ತಿ ಒಪ್ಪಿಗೆ.

*

1994ರಲ್ಲಿ ವರ್ಜೀನಿಯಾದ ಪ್ರಾಧ್ಯಾಪಕ ಥಾಮಸ್ ನೈಸ್ಲಿ 824633702441 ಮತ್ತು 824633702443 ಎಂಬ ಅವಳಿ ಅವಿಭಾಜ್ಯಗಳ ವಿಲೋಮಗಳನ್ನು ಲೆಕ್ಕಹಾಕುತ್ತಿದ್ದಾಗ ಉತ್ತರ ತುಸು ತಪ್ಪಿತು. ತನ್ನ ಕ್ರಮವನ್ನು ಮತ್ತೆ ಮತ್ತೆ ಪರೀಕ್ಷಿಸಿದ. ಕೊನೆಗೆ ತಪ್ಪು ಇಂಟೆಲ್‌ನ ಪೆಂಟಿಯಂ ಚಿಪ್‌ನಲ್ಲಿದೆ ಎಂದು ಗೊತ್ತಾಯಿತು. ಲಕ್ಷಾಂತರ ಜನರ ಮೇಜಿನ ಮೇಲಿದ್ದ ದೋಷ, ಯಾವ ಕೆಲಸಕ್ಕೂ ಬಾರದ ಲೆಕ್ಕವನ್ನು ಶ್ರದ್ಧೆಯಿಂದ ಮಾಡುತ್ತಿದ್ದ ಒಬ್ಬನಿಗೆ ಸಿಕ್ಕಿತು.

*

ಉಪಯೋಗದ ಮಾತು ಬಂದಾಗ ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಬೇಕು. ದಾಖಲೆ ಮಾಡುವ ದೈತ್ಯ ಅವಿಭಾಜ್ಯಗಳನ್ನು ಗುಪ್ತಲಿಪಿಗೆ ಬಳಸುವುದಿಲ್ಲ. ಅವು ಅತಿ ದೊಡ್ಡವು, ಮೇಲಾಗಿ ಎಲ್ಲರಿಗೂ ಗೊತ್ತಿರುವಂಥವು. 1977ರಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ರೂಪಿಸಿದ ವಿಧಾನಕ್ಕೆ ಈಗ ಸಾಮಾನ್ಯವಾಗಿ ಬೇಕಾಗುವುದು ಮುನ್ನೂರು ಚಿಲ್ಲರೆ ಅಂಕಿಗಳ ಎರಡು ಗುಟ್ಟಿನ ಅವಿಭಾಜ್ಯಗಳು. ಗುಣಿಸುವುದು ಸುಲಭ, ಗುಣಲಬ್ಧದಿಂದ ಹಿಂದಕ್ಕೆ ಬರುವುದು ಕಷ್ಟ. ಕೋಲ್ ಹಲಗೆಯ ಮೇಲೆ ನಿಮಿಷಗಳಲ್ಲಿ ಗುಣಿಸಿದ್ದನ್ನು ಹುಡುಕಲು ಮೂರು ವರ್ಷದ ಭಾನುವಾರಗಳು ಹಿಡಿದವು ಎನ್ನುತ್ತಾರಲ್ಲ, ಆ ಕಷ್ಟವೇ ನಮ್ಮ ಬೀಗ.

ನಿಮ್ಮ ವಾಟ್ಸ್ಆ್ಯಪ್ ಸಂದೇಶವನ್ನು ಕಾಯುವ ಲೆಕ್ಕದಲ್ಲಿ ಬರುವ ಅವಿಭಾಜ್ಯವಾದರೋ ಗುಟ್ಟಿನದಲ್ಲ: 2ರ 255ನೇ ಘಾತದಿಂದ 19 ಕಳೆದದ್ದು, 77 ಅಂಕಿಗಳು. ಸಂಖ್ಯೆ ಎಲ್ಲರ ಎದುರಿಗಿದೆ. ಬಚ್ಚಿಟ್ಟಿರುವುದು ಅದರೊಳಗೆ ನಿಮ್ಮ ಫೋನು ಆರಿಸಿಕೊಂಡ ಜಾಗವನ್ನು ಮಾತ್ರ.

*

1ಕ್ಕಿಂತ ದೊಡ್ಡದಾದ ಯಾವ ಸಂಖ್ಯೆಯನ್ನೇ ಹಿಡಿಯಿರಿ, ಅದಕ್ಕೂ ಅದರ ದುಪ್ಪಟ್ಟಿಗೂ ನಡುವೆ ಒಂದಾದರೂ ಅವಿಭಾಜ್ಯ ಇದ್ದೇ ಇರುತ್ತದೆ. ಗಣಿತಜ್ಞ ಚೆಬಿಶೆವ್ ಇದನ್ನು ಸಾಧಿಸಿದ. ರಾಮಾನುಜನ್ 1919ರಲ್ಲಿ ಕೆಲವೇ ಪುಟಗಳ ಸಾಧನೆ ಕೊಟ್ಟರು. ಹಾಗಾದರೆ ಡ್ಯುರಾಂಟ್ ಕಂಡ ಸಂಖ್ಯೆಗೂ ಅದರ ದುಪ್ಪಟ್ಟಿಗೂ ನಡುವೆ ಅವಿಭಾಜ್ಯಗಳಿವೆ, ಎಣಿಸಲಾರದಷ್ಟಿವೆ. ಆ ಎತ್ತರದಲ್ಲಿ ಸರಾಸರಿ ಒಂಬತ್ತೂವರೆ ಕೋಟಿ ಸಂಖ್ಯೆಗಳಿಗೆ ಒಂದು ಅವಿಭಾಜ್ಯ. ಇವೆ ಎಂಬುದು ಸಾಬೀತಾದ ಸತ್ಯ. ಇದೇ ಎಂದು ಬೆರಳಿಟ್ಟು ತೋರಿಸುವುದು ಸಾಧಿಸಿದಾತನಿಗೂ ಆಗದು.

*

2002ರ ಆಗಸ್ಟಿನಲ್ಲಿ ಕಾನ್ಪುರದ ಐಐಟಿಯ ಮಣೀಂದ್ರ ಅಗ್ರವಾಲ್, ಆಗಷ್ಟೇ ಬಿ.ಟೆಕ್ ಮುಗಿಸಿದ್ದ ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ ಒಂಬತ್ತು ಪುಟಗಳ ಪ್ರಬಂಧವೊಂದನ್ನು ಹೊರಬಿಟ್ಟರು. ಯಾವುದೇ ಸಂಖ್ಯೆ ಅವಿಭಾಜ್ಯವೇ ಎಂದು ಊಹೆಯ ಆಸರೆಯಿಲ್ಲದೆ, ಅಂಕಿಗಳು ಹೆಚ್ಚಿದರೂ ಕೈಮೀರಿ ಬೆಳೆಯದ ಸಮಯದೊಳಗೆ ತೀರ್ಮಾನಿಸುವ ಕ್ರಮ ಅದರಲ್ಲಿತ್ತು. ಕಯಾಲ್ ಮುಂದೆ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾಲಯದಲ್ಲಿ ಕೆಲಸ ಮಾಡಿದರು. ದೈತ್ಯ ಸಂಖ್ಯೆಗಳ ಪರೀಕ್ಷೆಯಲ್ಲಿ ಆ ಕ್ರಮ ನಿಧಾನದ್ದು, ಬಳಕೆಯಲ್ಲಿಲ್ಲ. ಆದರೆ ಬಹುಕಾಲದಿಂದ ತೆರೆದೇ ಇದ್ದ ಪ್ರಶ್ನೆಯೊಂದು ಮುಚ್ಚಿತು. ನಮ್ಮ ಪಠ್ಯಪುಸ್ತಕಗಳಲ್ಲಿ ಈ ಮೂವರಿಗೆ ಒಂದು ಪುಟ ಸಲ್ಲಬೇಕು.

*

ಎರಡರಿಂದ ಹೊರಟು ನೋಡಿ. 2ರ 2ನೇ ಘಾತದಿಂದ 1 ಕಳೆದರೆ 3. 2ರ 3ನೇ ಘಾತದಿಂದ 1 ಕಳೆದರೆ 7. 7ರಿಂದ 127. 127ರಿಂದ ಲ್ಯೂಕಾಸನ ಸಂಖ್ಯೆ. ಎಲ್ಲವೂ ಅವಿಭಾಜ್ಯ. ಮುಂದಿನದು? ಅದರ ಅಂಕಿಗಳ ಎಣಿಕೆಯೇ 38 ಅಂಕಿಗಳ ಸಂಖ್ಯೆ. ಅದು ಅವಿಭಾಜ್ಯವೋ ಅಲ್ಲವೋ ಎಂಬುದು ಈ ಕ್ಷಣದಲ್ಲೂ ನಿಶ್ಚಿತ. ಯಾರ ಒಪ್ಪಿಗೆಗೂ ಕಾದಿಲ್ಲ. ಅದನ್ನು ತಿಳಿಯುವ ದಾರಿ ಮಾತ್ರ ಇನ್ನೂ ಹುಟ್ಟಿಲ್ಲ.

*

ಅವಿಭಾಜ್ಯಗಳಿಗೆ ಕೊನೆಯಿಲ್ಲ ಎಂದು ಯೂಕ್ಲಿಡ್ ತೋರಿಸಿದ. ಮೆರ್ಸೆನ್ ವಂಶದ ಅವಿಭಾಜ್ಯಗಳಿಗೆ ಕೊನೆಯಿದೆಯೇ ಎಂಬುದು ಯಾರಿಗೂ ಗೊತ್ತಿಲ್ಲ. 2024ರ ಹೊತ್ತಿಗೆ ಸಿಕ್ಕವು 52.

*

ಲ್ಯೂಕಾಸ್–ಲೆಹ್ಮರ್ ಪರೀಕ್ಷೆಯಲ್ಲಿ 127ಕ್ಕೆ ಐದೇ ಹೆಜ್ಜೆ: 4, 14, 67, 42, 111, ಸೊನ್ನೆ. 8191ಕ್ಕೆ ಹನ್ನೊಂದು ಹೆಜ್ಜೆ ಬೇಕು. ಮನೆಯಲ್ಲಿ ಹೈಸ್ಕೂಲು ಓದುವ ಮಗುವಿದ್ದರೆ ಒಂದು ಭಾನುವಾರ ಮೊಬೈಲು, ಕ್ಯಾಲ್ಕುಲೇಟರ್ ಬದಿಗಿಟ್ಟು ಕಾಗದದ ಮೇಲೆ ಅದನ್ನು ಮಾಡಿಸಿ, ನೀವೂ ಜೊತೆಗೆ ಕುಳಿತು ಮಾಡಿ. ಕೊನೆಗೆ ಸೊನ್ನೆ ಬಾರದಿದ್ದರೆ ನಡುವೆ ಎಲ್ಲೋ ಲೆಕ್ಕ ತಪ್ಪಿದೆ. ಹುಡುಕಲು ಮಗುವಿಗೇ ಬಿಡಿ.